‘ಅನಿಸುತಿದೆ ಯಾಕೋ ಇಂದು’ ಹಾಡು ಕೇಳಿದರೆ ಮುಂಬಯಿ ಕನ್ನಡಿಗರು ಈಗಲೂ ಯಾಕೆ ಕರಗಿಹೋಗುತ್ತಾರೆ?

ವಯಸ್ಸಿನ ಪಾಲು ಇದ್ದೇ ಇದೆ. 2006ರ ಕೊನೆಗೆ ಈ ಹಾಡಿದ್ದ ‘ಮುಂಗಾರು ಮಳೆ’ ಸಿನಿಮಾ ಬಂದಾಗ ಕಾಲೇಜಿನಲ್ಲಿದ್ದವರು ಈಗ ನಲವತ್ತರ ಆಸುಪಾಸು. ಆ ಪ್ರಾಯದಲ್ಲಿ ಕೇಳಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮನೋಮೂರ್ತಿಯವರ ರಾಗವೂ ಗುನುಗಲು ಸಲೀಸು, ಸೋನು ನಿಗಮ್ ತಗ್ಗಿದ ದನಿಯಲ್ಲೇ ಶುರುಮಾಡುತ್ತಾರೆ. ಸಾಹಿತ್ಯ ಬರೆದ ಜಯಂತ ಕಾಯ್ಕಿಣಿ ವರ್ಷಗಟ್ಟಲೆ ಮುಂಬಯಿಯಲ್ಲೇ ಇದ್ದವರು (ನಮ್ಮವರು ಅಂತ ಹೇಳಿಕೊಳ್ಳಲು ನಮಗೊಂದು ನೆಪ!).

ಆದರೆ ನನ್ನ ಪ್ರಕಾರ ಮುಖ್ಯ ಕಾರಣ ಬೇರೆ. ಊರಿನಲ್ಲಿ ಆಗ ಬಸ್ಸು, ಹೋಟೆಲು, ಮದುವೆಮನೆ, ಎಲ್ಲೆಲ್ಲೂ ಇದೇ ಹಾಡು, ಕೇಳಿ ಕೇಳಿ ಸಾಕಾಗುವಷ್ಟು. ಇಲ್ಲಿ ಹಾಗೆ ಪುಕ್ಕಟೆ ಕಿವಿಗೆ ಬೀಳುವುದಿಲ್ಲ. ಡೊಂಬಿವಲಿ ಲೋಕಲ್‌ನ ನೂಕುನುಗ್ಗಲಿನಲ್ಲಿ ಯಾರದೋ ಜೇಬಿನಲ್ಲಿ ಇದರ ರಿಂಗ್‌ಟೋನ್ ಮೊಳಗಿದರೆ, ‘ನೀವು ಕನ್ನಡದವರಾ? ಯಾವೂರು?’ ಅಂತ ಕೇಳಿಯೇ ಬಿಡುತ್ತೇವೆ.