ವಿಪ್ಪೆಟ್ ಮರಿ ಮೂಲೆ ಬಿಟ್ಟು ಕದಲುತ್ತಿಲ್ಲ: ಪ್ರತಿಕ್ರಿಯೆ

ಒಂದು ರಾತ್ರಿಯ ಮಟ್ಟಿಗೆ ಧಾರವಾಡದ ಮಾಳಮಡ್ಡಿಯ ನಿಮ್ಮ ಮನೆಗೆ ಬಂದಿದ್ದ ವಿಪ್ಪೆಟ್ (ತೆಳು ಮೈಯ ಓಟದ ನಾಯಿ ತಳಿ) ಮರಿ ಮೂಲೆಯಲ್ಲೇ ಕುಳಿತು ರಾತ್ರಿಯಿಡೀ ಅತ್ತಿತು, ಮುಂದಿನ ವಾರ ಮತ್ತೆ ಬರುವುದರೊಳಗೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಅದು ಪಡಸಾಲೆಯ ಮೂಲೆ ಬಿಟ್ಟು ಕದಲದಿರಲು ಕಾರಣ ಹೆದರಿಕೆಗಿಂತ ಹೆಚ್ಚಾಗಿ ನಿಮ್ಮ ಪಾಲಿಶ್ ಗ್ರಾನೈಟ್ ನೆಲವೇ ಇರಬೇಕು. ಉದ್ದ ಕಾಲಿನ ಮರಿ; ಒಮ್ಮೆ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿದರೆ ಮತ್ತೆ ಹೆಜ್ಜೆ ಎತ್ತುವುದಿಲ್ಲ.

ಮುಂದಿನ ವಾರ ಅದು ಬರುವ ಮೊದಲು ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಹಳೆಯ ಜಮಖಾನೆ ಹಾಸಿ. ಅಡಿಯಲ್ಲಿ ರಬ್ಬರ್ ಮ್ಯಾಟ್ ಇರಲೇಬೇಕು. ನಮ್ಮಲ್ಲಿ ಅದಿಲ್ಲದೆ ಜಮಖಾನೆಯೇ ಮರಿಯನ್ನು ಹೊತ್ತುಕೊಂಡು ಹೋಗಿ ಹೊಸ್ತಿಲಿಗೆ ಬಡಿದಿತ್ತು. ನವಲಗುಂದದ ಒಳ್ಳೆಯ ಜಮಖಾನೆ ಇದ್ದರೆ ಎತ್ತಿಡಿ. ಹಲ್ಲು ಬರುವ ಮರಿಗೆ ಅಂಚಿನ ದಾರವೆಂದರೆ ಹಬ್ಬ.

ಆಮೇಲೆ ಗೇಟು. ಸರಳುಗಳ ಸಂದಿಯಲ್ಲಿ ನಿಮ್ಮ ಮುಷ್ಟಿ ತೂರಿದರೆ ಮರಿಯ ತಲೆಯೂ ತೂರುತ್ತದೆ. ಒಳಗಿನಿಂದ ಪ್ಲಾಸ್ಟಿಕ್ ಜಾಲರಿ ಬಿಗಿಯಿರಿ. ತಂತಿಯದು ಬೇಡ, ಈ ತಳಿಯ ಚರ್ಮ ತೆಳು, ತುದಿ ತಗುಲಿದರೆ ಹರಿಯುತ್ತದೆ. ಬೆಳೆದ ಮೇಲೆ ಕಾಂಪೌಂಡ್ ಐದು ಅಡಿಯಾದರೂ ಬೇಕು; ಬೆಕ್ಕು ಕಂಡ ವಿಪ್ಪೆಟ್ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ.

ರಾತ್ರಿಯಿಡೀ ಅತ್ತದ್ದು ಚಳಿಗೋ ಒಂಟಿತನಕ್ಕೋ ಇಲ್ಲಿಂದ ಹೇಳಲಾಗದು. ಮೈಯಲ್ಲಿ ಕೊಬ್ಬು ಕಡಿಮೆ, ಧಾರವಾಡದ ಜಡಿಮಳೆಯ ಥಂಡಿ ಅದಕ್ಕೆ ತಡೆಯುವುದಿಲ್ಲ. ಮೊದಲು ಕಂಬಳಿ ಹೊದಿಸಿ ನೋಡಿ. ಸುಮ್ಮನಾಗದಿದ್ದರೆ ಹಾಸಿಗೆಯನ್ನು ನಿಮ್ಮ ಮಂಚದ ಪಕ್ಕಕ್ಕೆ ಎಳೆಯಿರಿ.

ಅಟ್ಟದಲ್ಲಿ ಇಲಿ ಪಾಷಾಣ ಇದ್ದರೆ ಇವತ್ತೇ ತೆಗೆಸಿ. ಲಸಿಕೆಗಳು ಮುಗಿಯುವವರೆಗೆ ಮರಿಯನ್ನು ಬೀದಿಗೆ ಇಳಿಸಬೇಡಿ.