ಸೋಯಾ ಸಾಲಿನಲ್ಲಿ ಹೋದ ವರ್ಷದ ಜೋಳ

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನಲ್ಲಿ ನಮಗೆ ಒಂದೂವರೆ ಎಕರೆ ಜಮೀನಿದೆ. ಹೋದ ವರ್ಷ ಹೈಬ್ರಿಡ್ ಮುಸುಕಿನ ಜೋಳ ಹಾಕಿ ಯಂತ್ರದಿಂದ ಕೊಯ್ಲು ಮಾಡಿಸಿದ್ದೆವು. ಈ ಬಾರಿ ಸೋಯಾ ಅವರೆ ಬಿತ್ತಿ ಇಪ್ಪತ್ತೆರಡು ದಿನಗಳಾದವು. ಹೊಲದ ತುಂಬ ಅಲ್ಲಲ್ಲಿ ಜೋಳ ತಾನಾಗಿ ಹುಟ್ಟಿದೆ, ಕೆಲವು ಕಡೆ ಹತ್ತು ಹನ್ನೆರಡು ಗಿಡಗಳ ಗುಂಪೇ ಇದೆ. ಅವುಗಳ ಪಕ್ಕದ ಸೋಯಾ ಉದ್ದಕ್ಕೆ, ತೆಳ್ಳಗೆ, ತುಸು ಹಳದಿಯಾಗಿ ಬೆಳೆಯುತ್ತಿದೆ. ಗೊಬ್ಬರದಂಗಡಿಯವರು 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಸಿಂಪಡಿಸಿ ಎನ್ನುತ್ತಾರೆ. ಜೋಳ ಹಸುಗಳಿಗಾಗುತ್ತದೆ, ಕೀಳಬೇಡ ಎನ್ನುವುದು ತಂದೆಯವರ ಮಾತು. ಏನು ಮಾಡಲಿ?

ಉತ್ತರ: ಗೊಬ್ಬರದ ಪೊಟ್ಟಣವನ್ನು ಸದ್ಯಕ್ಕೆ ಅಂಗಡಿಯಲ್ಲೇ ಬಿಡಿ. ಮೊದಲು ಹೊಲ ಸುತ್ತಿ, ಹಳದಿ ಎಲ್ಲೆಲ್ಲಿದೆ ಎಂದು ನೋಡಿ. ಹೊಲವಿಡೀ ಒಂದೇ ಸಮ ತಿಳಿಹಳದಿಯಾಗಿದ್ದರೆ ಅದು ಬೇರೆ ಕಥೆ. ಬೇರುಗಂಟುಗಳು ಸಾರಜನಕ ಹಿಡಿಯಲು ಆರಂಭಿಸುವವರೆಗೆ ಎಳೆಯ ಸೋಯಾ ಹಾಗೆ ಕಾಣುವುದುಂಟು. ಜೋಳದ ಗುಂಪಿನ ಸುತ್ತ ಮಾತ್ರ ಹಳದಿಯಾಗಿ, ಎರಡು ಮೊಳ ಆಚೆಗೆ ಗಿಡ ಗಟ್ಟಿಯಾಗಿ, ಹಸಿರಾಗಿದ್ದರೆ ಕೊರತೆ ಮಣ್ಣಿನದಲ್ಲ, ಪೈಪೋಟಿಯದು. ನಿಮ್ಮ ವಿವರಣೆ ಎರಡನೆಯದಕ್ಕೇ ಹೊಂದುತ್ತದೆ. ಅಲ್ಲಿ ಗೊಬ್ಬರ ಸಿಂಪಡಿಸಿದರೆ ಜೋಳವೂ ಅದನ್ನು ಉಂಡು ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ.

'ಉದ್ದಕ್ಕೆ, ತೆಳ್ಳಗೆ' ಎಂದು ನೀವು ಬರೆದದ್ದೇ ರೋಗಲಕ್ಷಣ. ನೆರಳು ಬಿದ್ದ ಮೇಲಷ್ಟೇ ಬೆಳೆಗೆ ಪೆಟ್ಟು ಎಂದು ಬಹಳ ಜನ ತಿಳಿದಿದ್ದಾರೆ. ಪೆಟ್ಟು ಅದಕ್ಕೂ ಮೊದಲೇ ಬೀಳುತ್ತದೆ. ಹಸಿರೆಲೆ ಬಿಸಿಲಿನ ಕೆಂಪು ಕಿರಣಗಳನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪು ಕಿರಣಗಳನ್ನು ಹೊರಕ್ಕೆ ಚಿಮ್ಮಿಸುತ್ತದೆ. ಸೋಯಾ ಗಿಡದಲ್ಲಿರುವ ಫೈಟೊಕ್ರೋಮ್ ಎಂಬ ವರ್ಣಕ ಈ ಎರಡರ ಪ್ರಮಾಣವನ್ನು ಅಳೆದು, ಪಕ್ಕದಲ್ಲಿ ಇನ್ನೊಂದು ಗಿಡ ಇದೆ ಎಂದು ಪತ್ತೆ ಹಚ್ಚುತ್ತದೆ. ಕೂಡಲೇ ಗಿಡ ತನ್ನ ಲೆಕ್ಕಾಚಾರ ಬದಲಿಸಿ ಕಾಂಡವನ್ನು ಉದ್ದ ಮಾಡುತ್ತದೆ, ಕವಲು ಕಡಿಮೆ ಮಾಡುತ್ತದೆ. ಕವಲು ಕಡಿಮೆಯಾದರೆ ಕಾಯಿ ಕಟ್ಟುವ ಗೆಣ್ಣುಗಳೂ ಕಡಿಮೆ. ಎರಡು ತಿಂಗಳ ಗಿಡಕ್ಕೆ ಎಷ್ಟೇ ಬಿಸಿಲು ಕೊಟ್ಟರೂ ಹೋದ ಕವಲು ಪೂರ್ತಿ ಮರಳುವುದಿಲ್ಲ. ಸೋಯಾದಲ್ಲಿ ಮೊದಲ ಮೂವತ್ತರಿಂದ ನಲವತ್ತೈದು ದಿನ ಹೊಲ ಸ್ವಚ್ಛವಾಗಿರಬೇಕು ಎನ್ನುವುದು ಇದೇ ಕಾರಣಕ್ಕೆ. ನಿಮ್ಮ ಕೈಯಲ್ಲಿ ಇನ್ನೂ ಸಮಯವಿದೆ, ಆದರೆ ಹೆಚ್ಚಿಲ್ಲ.

ಬೇರಿನ ಕಡೆಯ ನಷ್ಟವನ್ನು ನೀವೇ ನೋಡಬಹುದು. ಗುಂಪಿನ ಮಗ್ಗುಲಿನ ಒಂದು ಸೋಯಾ ಗಿಡವನ್ನೂ ದೂರದ ಒಂದನ್ನೂ ಮಣ್ಣುಗಡ್ಡೆ ಸಮೇತ ಅಗೆದು, ಬಕೆಟ್ ನೀರಿನಲ್ಲಿ ನೆನೆಸಿ ಬೇರು ತೊಳೆಯಿರಿ. ಗಂಟುಗಳನ್ನು ಎಣಿಸಿ, ಬ್ಲೇಡಿನಿಂದ ಒಂದೆರಡನ್ನು ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಗಂಟಿನೊಳಗಿನ ಬ್ಯಾಕ್ಟೀರಿಯಾ ಬದುಕುವುದು ಎಲೆ ಕಳುಹಿಸುವ ಸಕ್ಕರೆಯಿಂದ. ಎಲೆಗೆ ಬಿಸಿಲು ತಪ್ಪಿದರೆ ಅದಕ್ಕೂ ಉಪವಾಸ. ಇತ್ತ ಮಣ್ಣಿನಲ್ಲಿರುವ ಸಾರಜನಕವನ್ನೂ ತೇವವನ್ನೂ ಜೋಳ ಬಾಚಿಕೊಳ್ಳುತ್ತದೆ. ಮಳೆ ಹತ್ತು ದಿನ ಕೈಕೊಟ್ಟರೆ ನಮ್ಮ ಕೆಂಪು ಮಣ್ಣಿನಲ್ಲಿ ಮೊದಲು ಬಾಡುವುದು ಆ ಗುಂಪುಗಳ ಸುತ್ತಲಿನ ಸೋಯಾ.

ತಂದೆಯವರ ಮಾತಿಗೆ ಬರೋಣ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿ ಬೆಳೆದ ತಲೆಮಾರಿಗೆ ಎರಡು ಬೆಳೆ ಒಟ್ಟಿಗಿರುವುದು ತಪ್ಪಾಗಿ ಕಾಣದು, ಅದು ತಪ್ಪೂ ಅಲ್ಲ. ಆದರೆ ಅಕ್ಕಡಿಯಲ್ಲಿ ಸಾಲಿಗೊಂದು ಲೆಕ್ಕವಿದೆ, ಅಂತರವಿದೆ. ಬಿದ್ದ ತೆನೆಯೊಂದು ಇದ್ದಲ್ಲೇ ಮೊಳೆತು ಹನ್ನೆರಡು ಗಿಡಗಳಾದರೆ ಅದಕ್ಕೆ ಯಾವ ಲೆಕ್ಕ? ಮೇಲಾಗಿ ಹೈಬ್ರಿಡ್‌ನ ಎರಡನೇ ತಲೆಮಾರು ಒಂದರಂತೆ ಒಂದಿರುವುದಿಲ್ಲ, ಒಳ್ಳೆಯ ತೆನೆಯ ಆಸೆ ಬೇಡ. ಇನ್ನೊಂದು ಅಪಾಯವೂ ಇದೆ: 2018ರಲ್ಲಿ ರಾಜ್ಯಕ್ಕೆ ಕಾಲಿಟ್ಟ, ಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳುವಿಗೆ ಇಂತಹ ಬಿಡಿ ಜೋಳ ಪುಕ್ಕಟೆ ತಂಗುದಾಣ. ಮೇವೇ ಬೇಕಿದ್ದರೆ ಒಂದು ಮೂಲೆಯಲ್ಲಿ ನಾಲ್ಕು ಸಾಲು ಆಫ್ರಿಕನ್ ಟಾಲ್ ಎಂಬ ಮೇವಿನ ಜೋಳ ಹಾಕಿಕೊಡಿ. ಈಗ ಕಿತ್ತ ಗಿಡಗಳನ್ನು ಮಣ್ಣು ಕೊಡವಿ, ಇತರ ಮೇವಿನೊಂದಿಗೆ ಸ್ವಲ್ಪ ಸ್ವಲ್ಪವಾಗಿ ಹಸುಗಳಿಗೆ ಹಾಕಬಹುದು. ಅವರಿಗೂ ಸಮಾಧಾನವಾಗುತ್ತದೆ.

ಕೀಳುವುದೆಂದರೆ ಬುಡಸಮೇತ ಕೀಳುವುದು. ಕುಡುಗೋಲಿನಲ್ಲಿ ನೆಲಮಟ್ಟಕ್ಕೆ ಕೊಯ್ದರೆ ಸಾಲದು. ಐದಾರು ಎಲೆ ಬರುವವರೆಗೆ ಜೋಳದ ಬೆಳೆಯುವ ತುದಿ ಮಣ್ಣಿನೊಳಗೇ ಇರುತ್ತದೆ, ವಾರದಲ್ಲಿ ಮತ್ತೆ ಸುಳಿ ಬಿಡುತ್ತದೆ. ಎಡೆಕುಂಟೆ ಸಾಲಿನ ನಡುವಿನದನ್ನು ತೆಗೆಯುತ್ತದೆ, ಸಾಲಿನೊಳಗಿನದು ಕೈಗೇ ಬಿಟ್ಟದ್ದು. ಮಳೆ ಬಂದ ಮರುದಿನ ಕೀಳಿ. ಒಂದೂವರೆ ಎಕರೆ ಆಳುಗಳಿಂದಲೇ ಆಗುವ ಕೆಲಸ.

ಆಳು ಸಿಗದಿದ್ದರೆ ಹುಲ್ಲಿನ ಜಾತಿಯನ್ನು ಮಾತ್ರ ಕೊಲ್ಲುವ ಕಳೆನಾಶಕ ಕ್ವಿಜಾಲೋಫಾಪ್ ಈಥೈಲ್ ಶೇ 5 ಇ.ಸಿ. (ನೀರಿಗೆ ಬೆರೆಸುವ ದ್ರವ) ಇದೆ. ಎಕರೆಗೆ 300ರಿಂದ 400 ಮಿ.ಲೀ., 200 ಲೀಟರ್ ನೀರಿನಲ್ಲಿ. ಲೇಬಲ್ ಓದಿಯೇ ಬಳಸಿ. ನೆಲದಲ್ಲಿ ತೇವ ಇರಬೇಕು. ಮೂರನೇ ದಿನವೇ ಗಿಡ ಸಾಯಲಿಲ್ಲವೆಂದು ಮತ್ತೆ ಹೊಡೆಯಬೇಡಿ. ವಾರದ ಹೊತ್ತಿಗೆ ಸುಳಿ ಹಿಡಿದು ಎಳೆದರೆ ಬುಡ ಕೊಳೆತು ಕೈಗೆ ಬರುತ್ತದೆ, ಅದೇ ಗುರುತು. ಪಕ್ಕದಲ್ಲಿ ರಾಗಿ ಇದ್ದರೆ ಗಾಳಿ ನೋಡಿಕೊಂಡು ಸಿಂಪಡಿಸಿ, ರಾಗಿಯೂ ಹುಲ್ಲಿನ ಜಾತಿಯೇ. ಸಿಂಪಡಿಸಿದ ಜೋಳ ಹಸುಗಳಿಗೆ ಬೇಡ. ಅಮೆರಿಕದ ವಿಡಿಯೊಗಳಲ್ಲಿ ಸೋಯಾ ಮೇಲೆಯೇ ಎಲ್ಲ ಬಗೆಯ ಗಿಡ ಕೊಲ್ಲುವ ಕಳೆನಾಶಕ ಗ್ಲೈಫೊಸೇಟ್ ಹೊಡೆಯುವುದನ್ನು ಕಂಡವರು ನನ್ನನ್ನು ಆಗಾಗ ಕೇಳುತ್ತಾರೆ. ಅದು ಆ ಔಷಧಿಯನ್ನು ತಾಳುವ ಕುಲಾಂತರಿ ತಳಿ. ನಿಮ್ಮ ಸೋಯಾ ಜೋಳದ ಜತೆಗೇ ಸುಟ್ಟುಹೋಗುತ್ತದೆ.

ಜೋಳದ ಕಾಳು ಹುಲ್ಲಿನ ಬೀಜದಂತೆ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರುವುದಿಲ್ಲ. ಈ ವರ್ಷದ ಗಿಡಗಳು ತೆನೆ ಬಿಡದಂತೆ ನೋಡಿಕೊಂಡರೆ ಮುಂದಿನ ವರ್ಷ ಈ ಕಾಟ ಹೆಚ್ಚುಕಡಿಮೆ ಇರದು. ಇನ್ನೊಮ್ಮೆ ಜೋಳ ಹಾಕಿದಾಗ ಕೊಯ್ಲಿನ ಹಿಂದೆಯೇ ಬಿದ್ದ ತೆನೆಗಳನ್ನು ಆಯಿಸಿ. ಮುಂಗಾರಿನ ಮೊದಲ ಮಳೆಗೆ ಉಳಿದದ್ದು ಮೊಳೆಯಲಿ, ಆಮೇಲೆ ಕುಂಟೆ ಹೊಡೆದು ಬಿತ್ತಿ.

ಪ್ರಶ್ನೆ: ಶಿರಾ ಕಡೆಯವನು. ನನ್ನ ಸೋಯಾದಲ್ಲಿ ಹೋದ ಸಲದ ಕಡಲೆಕಾಯಿ ಹುಟ್ಟಿದೆ. ಗಿಡ ಕುಳ್ಳು, ನೆರಳು ಮಾಡುವುದಿಲ್ಲ. ಬಿಡಲೇ?

ಉತ್ತರ: ನೆರಳಿನ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ತಾನಾಗಿ ಹುಟ್ಟಿದ ಕಡಲೆಕಾಯಿ ಗಿಡ ಎಲೆಚುಕ್ಕೆ, ತುಕ್ಕು ರೋಗಗಳನ್ನು ಮುಂದಿನ ಬೆಳೆಗೆ ದಾಟಿಸುತ್ತದೆ. ಥ್ರಿಪ್ಸ್ ಎಂಬ ಸಣ್ಣ ಕೀಟ ಹರಡುವ, ಮೊಗ್ಗು ಸಾಯಿಸುವ ನಂಜುರೋಗ ಕಡಲೆಕಾಯಿಗೂ ಬರುತ್ತದೆ, ಸೋಯಾಕ್ಕೂ ಬರುತ್ತದೆ, ಟೊಮೆಟೊವನ್ನೂ ಬಿಡುವುದಿಲ್ಲ. ಮೇಲೆ ಹೇಳಿದ ಕಳೆನಾಶಕ ಇದಕ್ಕೆ ನಾಟುವುದಿಲ್ಲ, ಅಗಲ ಎಲೆಯ ಜಾತಿ. ಕೈಯಿಂದಲೇ ಕಿತ್ತು ಹಾಕಿ. ಸುಳಿ ಒಣಗಿದ ಗಿಡ ಕಂಡರೆ ಅದನ್ನು ಮೊದಲು.