ಸಂಸತ್ತಿನ ಗ್ಯಾಲರಿಯಲ್ಲಿ ಗಾಂಜಾ ಕಾನೂನಿನ ವಿರುದ್ಧ ಪ್ರತಿಭಟಿಸಿದರೆ ಏನೇನು ಕೇಸು ಬೀಳುತ್ತದೆ?

ಗ್ಯಾಲರಿಯಲ್ಲಿ ಎದ್ದು ನಿಂತು ಘೋಷಣೆ ಕೂಗಿ, ಒಂದು ಗಾಂಜಾ ಸಿಗರೇಟು ಹಚ್ಚಿ, ಬಂಧನವಾಗಿ, ಆಮೇಲೆ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯನ್ನೇ ಕಟಕಟೆಗೆ ಏರಿಸುವುದು. ನೀವು ಬರೆದು ಕಳಿಸಿದ ಈ ಯೋಜನೆ ಓದುತ್ತಿದ್ದ ಹಾಗೆ ನಗು ಬಂತು, ಕಾನೂನು ಓದುವ ದಿನಗಳಲ್ಲಿ ನನ್ನ ತಲೆಯಲ್ಲೂ ಹೆಚ್ಚುಕಡಿಮೆ ಇದೇ ಕುಣಿಯುತ್ತಿತ್ತು. ಐದು ಗ್ರಾಂ ಗಾಂಜಾಗೆ ಎಷ್ಟು ಶಿಕ್ಷೆ ಎಂದು ಕೇಳಿದ್ದೀರಿ. ಅದಕ್ಕೆ ಉತ್ತರ ಇದೆ, ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು 2023ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಿ.

ಶೂನ್ಯವೇಳೆ ನಡೆಯುತ್ತಿತ್ತು. ಇಬ್ಬರು ಯುವಕರು ಗ್ಯಾಲರಿಯಿಂದ ಸಭಾಂಗಣಕ್ಕೆ ಧುಮುಕಿ, ಶೂ ಒಳಗೆ ಅಡಗಿಸಿ ತಂದಿದ್ದ ಡಬ್ಬಿಯಿಂದ ಹಳದಿ ಹೊಗೆ ಬಿಟ್ಟರು. ಅದೇ ಹೊತ್ತಿಗೆ ಹೊರಗೆ ಇನ್ನಿಬ್ಬರು ಬಣ್ಣದ ಹೊಗೆ ಬಿಟ್ಟು ಘೋಷಣೆ ಕೂಗಿದರು. ಅವರು ಎತ್ತಿದ್ದು ನಿರುದ್ಯೋಗ, ರೈತರು, ಮಣಿಪುರ. ಮರುದಿನದಿಂದ ಚರ್ಚೆಯಾದದ್ದು ಮಾತ್ರ ಶೂ, ಹೊಗೆ, ಮತ್ತು ಮೈಸೂರಿನ ಅಂದಿನ ಸಂಸದರ ಕಚೇರಿಯಿಂದ ಹೋದ ಪಾಸು. ದಾಖಲಾದ ಕೇಸು ಭಯೋತ್ಪಾದನೆ ತಡೆಯ ಕಾಯ್ದೆ ಯುಎಪಿಎಯ ಕಲಂ 16 ಮತ್ತು 18, ಅಂದರೆ ಭಯೋತ್ಪಾದಕ ಕೃತ್ಯ ಮತ್ತು ಅದರ ಸಂಚು. ಜೊತೆಗೆ ಆಗಿನ ದಂಡಸಂಹಿತೆ ಐಪಿಸಿಯ 186 ಮತ್ತು 353 (ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ, ಹಲ್ಲೆ), 452 (ಅತಿಕ್ರಮ ಪ್ರವೇಶ), 153 (ಗಲಭೆಗೆ ಪ್ರಚೋದನೆ), 120ಬಿ (ಸಂಚು). ಒಟ್ಟು ಆರು ಆರೋಪಿಗಳು. ಆ ಪೈಕಿ ಹೊರಗೆ ಘೋಷಣೆ ಕೂಗಿದ ಒಬ್ಬರಿಗೆ ಮತ್ತು ಆ ಹೊತ್ತಿಗೆ ಸ್ಥಳದಲ್ಲೇ ಇರದ ಇನ್ನೊಬ್ಬರಿಗೆ ದೆಹಲಿ ಹೈಕೋರ್ಟ್ ಜಾಮೀನು ಕೊಟ್ಟದ್ದು 2025ರ ಜುಲೈನಲ್ಲಿ. ಸಭಾಂಗಣದೊಳಗೆ ಕಾಲೇ ಇಡದವರು ಒಂದೂವರೆ ವರ್ಷ ಒಳಗಿದ್ದರು. ಆರೋಪ ಸಾಬೀತಾಗಿತ್ತು ಅಂತಲ್ಲ, ಯುಎಪಿಎ ಕಲಂ 43ಡಿ(5)ರಲ್ಲಿ ಜಾಮೀನು ಸಿಗುವುದೇ ಹಾಗೆ. ಮೇಲ್ನೋಟಕ್ಕೆ ಆರೋಪ ನಿಜ ಅನ್ನಿಸಿದರೆ ನ್ಯಾಯಾಧೀಶರ ಕೈ ಕಟ್ಟಿದಂತೆ. ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ 180 ದಿನಗಳವರೆಗೆ ಕಾಲಾವಕಾಶವೂ ಸಿಗಬಹುದು. ಜಾಮೀನಿನ ಷರತ್ತನ್ನೂ ಗಮನಿಸಿ: ಪ್ರಕರಣದ ಬಗ್ಗೆ ಸಂದರ್ಶನ ಕೊಡುವಂತಿಲ್ಲ, ಸೋಶಿಯಲ್ ಮೀಡಿಯಾದಲ್ಲಿ ಬರೆಯುವಂತಿಲ್ಲ. ಕೇಸನ್ನೇ ವೇದಿಕೆ ಮಾಡಿಕೊಳ್ಳುತ್ತೇವೆ ಅನ್ನುವವರು ಆ ಸಾಲನ್ನು ಎರಡು ಸಲ ಓದಬೇಕು.

ಇಡೀ ಪ್ರಕರಣ ತಿರುಗಿದ್ದು ಆ ಡಬ್ಬಿಯ ಮೇಲೆ. ಇದನ್ನೇ ಒತ್ತಿ ಹೇಳುತ್ತೇನೆ, ಬೇಸರವಾದರೂ ಓದಿ.

ಬರೀ ಬಾಯಲ್ಲಿ ಕೂಗಿದರೆ, ಕರಪತ್ರ ಎಸೆದರೆ, ಅದು ಮೊದಲಿಗೆ ಸದನದ ಹಕ್ಕುಚ್ಯುತಿ. ಸಂವಿಧಾನದ 105ನೇ ವಿಧಿಯ ಅಡಿ ಸದನವೇ ನಿರ್ಣಯ ಮಾಡಿ ಸಜೆ ಕೊಡಬಹುದು. ಹಿಂದೆ ಇಂಥವರಿಗೆ ಎಚ್ಚರಿಕೆಯೋ, ಕೆಲವು ದಿನಗಳ ಜೈಲೋ ಆದದ್ದುಂಟು. ಸದನ ಕೊಡುವ ಸಜೆ ಅಧಿವೇಶನ ಮುಕ್ತಾಯವಾದ ಆಚೆಗೆ ಹೋಗುವುದಿಲ್ಲ. ಪೊಲೀಸರಿಗೆ ಒಪ್ಪಿಸಿದರೂ ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ, ಐಪಿಸಿ ಬದಲಿಗೆ ಬಂದ ಈಗಿನ ಬಿಎನ್‌ಎಸ್ ಕಲಂ 221, ಗರಿಷ್ಠ ಮೂರು ತಿಂಗಳು. ಎಳೆದಾಟದಲ್ಲಿ ಸಿಬ್ಬಂದಿಯ ಮೇಲೆ ಕೈ ತಾಗಿತೋ, ಕಲಂ 132, ಎರಡು ವರ್ಷದವರೆಗೆ, ಜಾಮೀನುರಹಿತ. ಇಷ್ಟರೊಳಗೆ ಇದ್ದರೆ ವಕೀಲರು ಏನಾದರೂ ಮಾಡಿಯಾರು.

ಅಡಗಿಸಿ ತಂದ ವಸ್ತುವೊಂದು ಕಥೆಗೆ ಬಂದ ಕೂಡಲೇ ಪ್ರಶ್ನೆಗಳು ಬೇರೆಯಾಗುತ್ತವೆ. ಎಲ್ಲಿ ಕೊಂಡಿರಿ? ಯಾರು ದುಡ್ಡು ಕೊಟ್ಟರು? ತಪಾಸಣೆ ತಪ್ಪಿಸುವುದು ಹೇಗೆಂದು ಯಾವ ಗ್ರೂಪಿನಲ್ಲಿ ಮಾತಾಡಿದಿರಿ? ಅಡಗಿಸಿದ್ದೇ ಪೂರ್ವಸಿದ್ಧತೆಗೆ ಸಾಕ್ಷಿ, ಪೂರ್ವಸಿದ್ಧತೆ ಎಂದರೆ ಸಂಚು, ಸಂಚು ಎಂದರೆ ಗ್ರೂಪಿನಲ್ಲಿ ಹೆಬ್ಬೆಟ್ಟಿನ ಎಮೋಜಿ ಒತ್ತಿದವನೂ ಆರೋಪಿ. ಹೆದರಿ ಫೋನ್ ನಾಶ ಮಾಡಿದರೆ ಸಾಕ್ಷ್ಯನಾಶದ ಕಲಂ ಬೇರೆ. 2023ರ ಪ್ರಕರಣದಲ್ಲಿ ಆ ಆರೋಪವೂ ಬಂತು. ಹಾನಿ ಮಾಡದ ಹೊಗೆ ಎಂಬ ವಾದ ಇದ್ದೇ ಇದೆ, ಆದರೆ ಅದನ್ನು ಜೈಲಿನಲ್ಲಿ ಕೂತು ಹೇಳಬೇಕು.

ನಿಮ್ಮ ವಸ್ತು ಹೊಗೆ ಡಬ್ಬಿಯೂ ಅಲ್ಲ, ಗಾಂಜಾ. ಎನ್‌ಡಿಪಿಎಸ್ ಲೆಕ್ಕ ಹೀಗಿದೆ. ಗಾಂಜಾದಲ್ಲಿ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೇಲೆ ವಾಣಿಜ್ಯ ಪ್ರಮಾಣ. ಚರಸ್ (ಗಾಂಜಾ ಗಿಡದ ಅಂಟು) ಆದರೆ 100 ಗ್ರಾಂ ಮತ್ತು 1 ಕೆಜಿ. ಸಣ್ಣ ಪ್ರಮಾಣ ಇಟ್ಟುಕೊಂಡರೆ ಕಲಂ 20ರ ಅಡಿ ಒಂದು ವರ್ಷದವರೆಗೆ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದಿದ್ದಕ್ಕೆ ಕಲಂ 27, ಆರು ತಿಂಗಳವರೆಗೆ. ನಿಮ್ಮ ಐದು ಗ್ರಾಂಗೆ ಉತ್ತರ ಇಷ್ಟೇ. ಆದರೆ ಇದು ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ ಎಂದು ನಂಬಿ ಹೋಗಬೇಡಿ. ಎನ್‌ಡಿಪಿಎಸ್‌ನ ಎಲ್ಲ ಅಪರಾಧಗಳೂ ಜಾಮೀನುರಹಿತ ಎಂದು 2020ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ಬೇರೆ ಅಭಿಪ್ರಾಯದ ತೀರ್ಪುಗಳೂ ಇವೆ, ಆದರೆ ಆ ಜಗಳ ನಿಮ್ಮ ಹೆಸರಿನಲ್ಲಿ ನಡೆಯುವುದು ಬೇಡ. ಕಲಂ 29 ಕುಮ್ಮಕ್ಕು ಕೊಟ್ಟವರಿಗೂ ಸಂಚಿನಲ್ಲಿ ಸೇರಿದವರಿಗೂ ಅದೇ ಶಿಕ್ಷೆ ತರುತ್ತದೆ.

"ಶೋಧದಲ್ಲಿ ಲೋಪ ತೋರಿಸಿ ಬಿಡಿಸಿಕೊಳ್ಳಬಹುದಲ್ಲ" ಎನ್ನುವವರು ಸಿಗುತ್ತಾರೆ. ಎನ್‌ಡಿಪಿಎಸ್ ವಕೀಲರ ಮೊದಲ ಅಸ್ತ್ರ ಕಲಂ 50: ಮೈ ಶೋಧನೆಗೆ ಮೊದಲು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಶೋಧ ನಡೆಸಲು ಕೇಳುವ ಹಕ್ಕಿದೆ ಎಂದು ತಿಳಿಸಬೇಕು. ಅದು ಬ್ಯಾಗಿಗೆ ಅನ್ವಯಿಸುವುದಿಲ್ಲ. ಭದ್ರತಾ ತಪಾಸಣೆಯಲ್ಲಿ ಅಕಸ್ಮಾತ್ ಸಿಕ್ಕಿದ ಮಾಲಿಗೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆಕಸ್ಮಿಕ ಪತ್ತೆಯ ಆ ನಿಯಮ ಸುಪ್ರೀಂ ಕೋರ್ಟಿನ 1994ರ ಬಲಬೀರ್ ಸಿಂಗ್ ತೀರ್ಪಿನಿಂದ ಬಂದದ್ದು. ಕ್ಯಾಮೆರಾ ಮುಂದೆ ನೀವೇ ಹಚ್ಚಿದ ಮೇಲಂತೂ ಶೋಧದ ಪ್ರಶ್ನೆಯೇ ಏಳುವುದಿಲ್ಲ.

ಗಾಂಜಾ ಬೇಡ, ಸಾಂಕೇತಿಕವಾಗಿ ಕುಂಡದಲ್ಲಿ ಗಿಡ ಒಯ್ಯೋಣ ಎಂದೂ ಬರೆದಿದ್ದೀರಿ. ಇದು ಇನ್ನೂ ಕೆಟ್ಟ ಉಪಾಯ. ಕಾಯ್ದೆಯ ಕಲಂ 2ರಲ್ಲಿ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿ ಇಲ್ಲದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಭಾಂಗ್ ಉಳಿದಿರುವುದೇ ಆ ಸಂದಿಯಲ್ಲಿ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಾಂಗ್ ಪ್ರಕರಣವೊಂದರಲ್ಲಿ ಇದೇ ನೆಲೆಯಲ್ಲಿ ಜಾಮೀನು ಕೊಟ್ಟಿತು. ಆದರೆ ಗಿಡ ಬೆಳೆಸುವುದಕ್ಕೆ ಕಲಂ 20(ಎ) ಬೇರೆಯೇ ಇದೆ. ಅಲ್ಲಿ ಸಣ್ಣ, ದೊಡ್ಡ ಎಂಬ ತೂಕವೇ ಇಲ್ಲ. ಒಂದು ಕುಂಡಕ್ಕೂ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಗಾಂಜಾ ಬೆರೆಸಿದ ತಿಂಡಿ ಹಂಚುವ ಆಲೋಚನೆಯೂ ಬೇಡ. 2020ರ ಹೀರಾ ಸಿಂಗ್ ತೀರ್ಪಿನ ಪ್ರಕಾರ ಮಿಶ್ರಣದಲ್ಲಿ ಮಾದಕವಲ್ಲದ ಪದಾರ್ಥದ ತೂಕವೂ ಸೇರುತ್ತದೆ. ಹಿಟ್ಟು, ಬೆಲ್ಲ ಎಲ್ಲವನ್ನೂ ಕೂಡಿಸಿಯೇ ತೂಗಬೇಕು ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ. ಮೂಗಿಗಿಂತ ಮೂಗುತಿ ಭಾರ.

ಇಟಲಿಯ ಉದಾಹರಣೆ ಕೊಟ್ಟಿದ್ದೀರಿ. ಹೌದು, 1975ರಲ್ಲಿ ರಾಡಿಕಲ್ ಪಕ್ಷದ ಮಾರ್ಕೊ ಪನ್ನೆಲ್ಲಾ ಬಹಿರಂಗವಾಗಿ ಸೇದಿ ಬಂಧನವಾದರು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿ ಹೊಸ ಮಾದಕವಸ್ತು ಕಾನೂನು ಬಂತು. ಪನ್ನೆಲ್ಲಾ ದೇಶಕ್ಕೆಲ್ಲ ಗೊತ್ತಿದ್ದ ರಾಜಕಾರಣಿ, ಬೆನ್ನಿಗೆ ಪಕ್ಷ ಇತ್ತು, ಕಾನೂನು ಬದಲಾವಣೆ ಆಗಲೇ ಚರ್ಚೆಯಲ್ಲಿತ್ತು. ಬಂಧನ ಆ ಚರ್ಚೆಗೆ ಬೆಂಕಿ ಹಚ್ಚಿತು, ಅಷ್ಟೆ.

ಇನ್ನು ಕೋರ್ಟನ್ನೇ ವೇದಿಕೆ ಮಾಡುವ ಮಾತು. ನಿಮ್ಮ ಕೇಸು ಕೇಳುವ ವಿಚಾರಣಾ ನ್ಯಾಯಾಲಯಕ್ಕೆ ಕಾಯ್ದೆಯನ್ನು ರದ್ದು ಮಾಡುವ ಅಧಿಕಾರವೇ ಇಲ್ಲ. ಅಲ್ಲಿ ಕೇಳುವುದು ಎರಡೇ: ಮಾಲು ನಿಮ್ಮ ಬಳಿ ಇತ್ತೇ, ಅದು ಗಾಂಜಾ ಎಂದು ಪ್ರಯೋಗಾಲಯ ಹೇಳಿತೇ. ಉದ್ದೇಶ ಒಳ್ಳೆಯದಿತ್ತು ಎನ್ನುವುದು ಶಿಕ್ಷೆ ಕಡಿಮೆ ಮಾಡಿಸಬಹುದು, ಆರೋಪ ತಪ್ಪಿಸದು. ಕಾಯ್ದೆಯ ಸಿಂಧುತ್ವ ಪ್ರಶ್ನಿಸಲು ಸಂವಿಧಾನದ 226ನೇ (ಹೈಕೋರ್ಟ್) ಅಥವಾ 32ನೇ (ಸುಪ್ರೀಂ ಕೋರ್ಟ್) ವಿಧಿಯ ರಿಟ್ ಅರ್ಜಿ ಇದೆ. ಅದನ್ನು ಹಾಕಲು ಬಂಧನವಾಗಬೇಕಿಲ್ಲ. ಬಂಧನವಾದರೆ ಕೇಸು ಮುಗಿಯುವವರೆಗೆ ಪಾಸ್‌ಪೋರ್ಟಿಗೂ ಕೋರ್ಟಿನ ಅನುಮತಿ ಕೇಳುತ್ತಾ ಇರಬೇಕು.

ನನ್ನ ಅಭಿಪ್ರಾಯ ಕೇಳಿದರೆ ನೀವು ಬಡಿಯಬೇಕಿರುವ ಬಾಗಿಲು ದೆಹಲಿಯಲ್ಲೇ ಇಲ್ಲ. ಪಟಿಯಾಲಾ ಸಂಸದ ಧರಮ್‌ವೀರ್ ಗಾಂಧಿ ಈ ಕಾಯ್ದೆ ಸಡಿಲಿಸುವ ಖಾಸಗಿ ಮಸೂದೆಗೆ ಕೈ ಹಾಕಿದ್ದರು. ಆದರೆ ಖಾಸಗಿ ಸದಸ್ಯರ ಮಸೂದೆಯೊಂದು ಕಾನೂನಾದದ್ದು ಕೊನೆಯ ಬಾರಿ 1970ರಲ್ಲಿ. ಎನ್‌ಡಿಪಿಎಸ್ ಕಲಂ 10 ಚರಸ್ ಬಿಟ್ಟು ಉಳಿದ ಗಾಂಜಾ ವಿಷಯದಲ್ಲಿ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ಕಲಂ 8ರ ಪ್ರಕಾರ ಅದು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶದ ಮಿತಿಯೊಳಗೆ. ನಾರು, ಬೀಜಕ್ಕೆ ಬೆಳೆಯಲು ಕಲಂ 14 ಇದೆ. ಉತ್ತರಾಖಂಡ 2018ರಲ್ಲಿ ಇದೇ ದಾರಿಯಲ್ಲಿ ಕೈಗಾರಿಕಾ ಹೆಂಪ್‌ಗೆ (ನಾರು, ಬೀಜಕ್ಕೆ ಬೆಳೆಯುವ ಗಾಂಜಾ ಗಿಡ) ಪರವಾನಗಿ ಕೊಟ್ಟಿತು, ಹಿಮಾಚಲ ವಿಧಾನಸಭೆ 2024ರಲ್ಲಿ ನಿಯಂತ್ರಿತ ಕೃಷಿಯ ವರದಿ ಒಪ್ಪಿತು. ವಿಧಾನಸೌಧದಲ್ಲಿ ಅಬಕಾರಿ, ಆರೋಗ್ಯ, ಕೃಷಿ ಮೂರು ಇಲಾಖೆಗೂ ಒಂದೇ ಮನವಿ ಕೊಡಿ, ಸ್ವೀಕೃತಿ ಸಂಖ್ಯೆ ಪಡೆಯಿರಿ, ತಿಂಗಳ ನಂತರ ಅದರ ಮೇಲೆ ಏನು ಕ್ರಮವಾಯಿತೆಂದು ಆರ್‌ಟಿಐ ಹಾಕಿ. ಕಡತ ಒಮ್ಮೆ ಹುಟ್ಟಿತೆಂದರೆ ಅದರ ಮೇಲೆ ಶಾಸಕರಿಂದ ಪ್ರಶ್ನೆ ಕೇಳಿಸುವುದು ಸುಲಭ.

ಬೀದಿಗೆ ಇಳಿಯಲೇಬೇಕು ಅಂದರೆ ಇಳಿಯಿರಿ, ಬೇಡ ಅನ್ನುವುದಿಲ್ಲ. ದೆಹಲಿಯಲ್ಲಿ ಜಂತರ್ ಮಂತರ್ ಇದೆ, ಅಲ್ಲಿ ಸಾರಾಸಗಟಾಗಿ ನಿಷೇಧ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್ ಮಾತ್ರ, ಪೊಲೀಸ್ ಅನುಮತಿಯೊಂದಿಗೆ. ಅನುಮತಿ ಇಲ್ಲದೆ ಕೂತು ನಿಷೇಧಾಜ್ಞೆ ಉಲ್ಲಂಘಿಸಿದರೂ ಬಿಎನ್‌ಎಸ್ 223, ಸಾಮಾನ್ಯವಾಗಿ ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ. ಅದಕ್ಕೂ ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರು ಇಲ್ಲದೆ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ, ಈಗಿನ ಅಪರಾಧ ಪ್ರಕ್ರಿಯಾ ಸಂಹಿತೆ ಬಿಎನ್‌ಎಸ್‌ಎಸ್‌ನ ಕಲಂ 215 ನೋಡಿ. ಇಂಥ ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ಆ ಒಂದು ಲೋಪದಿಂದ. ಬರುವವರೆಲ್ಲರ ಜೇಬು, ಬ್ಯಾಗು ಹಿಂದಿನ ರಾತ್ರಿಯೇ ಖಾಲಿ ಇರಲಿ. ಯಾರದೋ ಪರ್ಸಿನಲ್ಲಿ ಉಳಿದ ಗಾಂಜಾ ಚೂರೂ ಎನ್‌ಡಿಪಿಎಸ್ ಕಲಂ 54ರ ಅಡಿ ಇಟ್ಟುಕೊಂಡವನ ಮೇಲೆಯೇ ಹೊರೆ ಹಾಕುತ್ತದೆ. ಒಬ್ಬ ವಕೀಲರ ನಂಬರನ್ನು ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ, ಠಾಣೆಯಲ್ಲಿ ಮೊದಲು ಹೋಗುವುದು ಫೋನು. ಬಂಧಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಒಯ್ಯಲೇಬೇಕು. ಬಂಧಿಸದೆ ಬಿಎನ್‌ಎಸ್‌ಎಸ್ ಕಲಂ 35(3)ರ ಹಾಜರಾತಿ ನೋಟಿಸ್ ಕೊಟ್ಟರೆ ಅದರಲ್ಲಿರುವ ದಿನಾಂಕಕ್ಕೆ ತಪ್ಪದೆ ಹಾಜರಾಗಿ, ಹಾಜರಾಗಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಎನ್‌ಡಿಪಿಎಸ್ ಅಧಿಕಾರಿ ಹೇಳಿಕೆ ಬರೆಸಿಕೊಂಡರೆ, 2020ರ ತೂಫಾನ್ ಸಿಂಗ್ ತೀರ್ಪಿನ ಪ್ರಕಾರ ಅಲ್ಲಿನ ತಪ್ಪೊಪ್ಪಿಗೆ ಪುರಾವೆಯಾಗದು. ಆದರೂ ಓದದೆ ಸಹಿ ಹಾಕಬೇಡಿ.